ಹೂವು ಮುಡಿದ ತಂತಿ

"ಮತ್ತೆ ಕರೆದಿರಾ? ಏಣಿ ಹತ್ತೋದು, ಇಳಿಯೋದು, ಇದೇ ಆಯ್ತು. ಒಂದು ತಂತಿ ನೆಟ್ಟಗೆ ಎಳೆಯೋಕೆ ಬಿಡಲ್ಲವಲ್ಲ ಅಮ್ಮ ನೀವು!"

ಇಕ್ಕಳ ಹಿಡಿದುಕೊಂಡೇ ಹೇಮಾವತಿ ಗೊಣಗುತ್ತಾ ಇಳಿದಳು. ಕೆಳಗೆ ಅವಳ ಗುರು ಪುಟ್ಟತಾಯಮ್ಮನವರು ಮಜ್ಜಿಗೆ ಲೋಟ ಹಿಡಿದು ನಿಂತಿದ್ದರು.

"ಗೊಣಗೋಕೂ ಗಂಟಲಲ್ಲಿ ಪಸೆ ಬೇಕಲ್ಲ, ಕುಡಿ."

ಹೊಳೆ ದಂಡೆಯ ಆ ಆಶ್ರಮ ಹಳೆಯ ಮನೆ. ಗೋಡೆ ಗಟ್ಟಿಯಿತ್ತು, ತಂತಿಗಳಿಗೆ ಮುಪ್ಪು ಬಂದಿತ್ತು. ಸ್ವಿಚ್ ಒತ್ತಿದರೆ ಕಿಡಿ ಹಾರುತ್ತಿತ್ತು. ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಅಪ್ಪನ ಜೊತೆ ವೈರಿಂಗ್ ಕಲಿತು ಬಂದಿದ್ದ ಹೇಮಾವತಿ, "ನಾನಿರುವಾಗ ಹೊರಗಿನವರು ಯಾಕೆ?" ಎಂದು ಸೆರಗು ಸಿಕ್ಕಿಸಿದ್ದಳು.

ಕೊನೆಗೂ ಕೆಲಸ ಮುಗಿಯಿತು. ಒಂದೊಂದೇ ಕೋಣೆ ಬೆಳಗಿತು.

"ನೋಡಿ ಅಮ್ಮ! ಎಲ್ಲಾದರೂ ಸೊಟ್ಟಗಿದ್ದರೆ ಹೇಳಿ. ನಮ್ಮಪ್ಪ ನೋಡಿದ್ದರೂ ಬಾಯಿ ಮುಚ್ಚಿಕೊಳ್ಳಬೇಕಿತ್ತು."

ಪುಟ್ಟತಾಯಮ್ಮ ನೋಡುತ್ತಾ ಬಂದವರು ಧ್ಯಾನದ ಕೋಣೆಯಲ್ಲಿ ನಿಂತುಬಿಟ್ಟರು. ಅಲ್ಲಿ ಮಾತ್ರ ತಂತಿ ಬಿಗಿದ ಹಳೆಯ ಮರದ ಪಟ್ಟಿ, ಕಪ್ಪು ಸ್ವಿಚ್. ಸ್ವಿಚ್ಚಿಗೆ ಕುಂಕುಮ, ತಂತಿಗೆ ಚೆಂಡುಹೂವು.

"ಇದು?"

"ನಿಮ್ಮ ಗುರುಗಳು, ದೊಡ್ಡ ಗುರುಗಳು ಕೈಯಾರೆ ಎಳೆದದ್ದಲ್ಲವಾ ಅಮ್ಮ? ದಿನಾ ಪೂಜೆ ಮಾಡ್ತೀವಿ. ಅದಕ್ಕೆ ಇಕ್ಕಳ ಹಾಕೋದಾ? ಹಾಗೇ ಬಿಟ್ಟೆ."

"ಹೂವು ಸಿಕ್ಕಿಸೋದು ಯಾರು?"

"ಭಜನೆಗೆ ಬರೋ ಮಕ್ಕಳು."

"ಮೇನ್ ಆಫ್ ಮಾಡಿ ಬಾ."

ಅವಳು ಮಾಡಿ ಬಂದಳು. ಪುಟ್ಟತಾಯಮ್ಮ ಹೂವು ತೆಗೆದು ತಂತಿಯನ್ನು ಬೆರಳಲ್ಲಿ ಚಿವುಟಿದರು. ಅದರ ಹೊದಿಕೆ ಸುಟ್ಟ ಹಪ್ಪಳದಂತೆ ಉದುರಿತು. ಒಳಗಿನ ತಾಮ್ರ ಬೆತ್ತಲಾಯಿತು.

ಹೇಮಾವತಿಯ ಮುಖ ಬಿಳಿಚಿಕೊಂಡಿತು.

"ಅವರು ಇದನ್ನು ಎಳೆಯುವಾಗ ಮೊಳೆ ಕೊಡ್ತಿದ್ದವಳು ನಾನು," ಅಂದರು ಪುಟ್ಟತಾಯಮ್ಮ. "ಆಗ ಈ ದಂಡೆಯಲ್ಲಿ ಕರೆಂಟಿದ್ದ ಮನೆ ಇದೊಂದೇ. ಏನು ಜಂಬ ಅಂತೀಯಾ ನನಗೆ!"

"ಹಾಗಾದರೆ ಇದನ್ನು ಕಿತ್ತರೆ ನಿಮಗೆ ನೋವಾಗಲ್ವಾ ಅಮ್ಮ?"

"ಆಗುತ್ತೆ. ಇಕ್ಕಳ ಕೊಡು."

ತಾವೇ ತಂತಿ ಕತ್ತರಿಸಿದರು, ಪಟ್ಟಿ ಕಿತ್ತರು. ಹೇಮಾವತಿ ಹೊಸ ತಂತಿ ಎಳೆದಳು. ಸ್ಕ್ರೂಗಳನ್ನು ಒಂದೊಂದಾಗಿ ಎತ್ತಿಕೊಟ್ಟವರು ಪುಟ್ಟತಾಯಮ್ಮನವರೇ.

ದೀಪ ಹತ್ತಿತು. ಪುಟ್ಟತಾಯಮ್ಮ ಬಹಳ ಹೊತ್ತು ನೋಡಿದರು.

"ಅವರ ಕೆಲಸಕ್ಕಿಂತ ಚೆನ್ನಾಗಿದೆ ಕಣೇ."

ಹೇಮಾವತಿಯ ಎದೆ ಉಬ್ಬಿತು. "ನೋಡ್ತಾ ಇರಿ ಅಮ್ಮ, ಇನ್ನು ಇದನ್ನು ಯಾರೂ ಮುಟ್ಟೋ ಹಾಗಿಲ್ಲ!"

"ಇದೂ ಒಂದು ದಿನ ಹಳೆಯದಾಗುತ್ತೆ. ಆಗ ನಿನ್ನ ಶಿಷ್ಯೆ ಒಬ್ಬಳು, ನಮ್ಮಮ್ಮ ಎಳೆದದ್ದು ಅಂತ ಇದನ್ನು ಮುಟ್ಟದೆ ಬಿಡ್ತಾಳೆ."

ಪುಟ್ಟತಾಯಮ್ಮ ಹೇಮಾವತಿಯ ತಲೆ ನೇವರಿಸಿದರು.

"ಆಗ ಅವಳಿಗೆ, ಕಿತ್ತು ಹಾಕು ಅನ್ನೋಕೆ ನಿನಗೆ ಬಾಯಿ ಬರುತ್ತಾ?"