ವಾರದ ಮನೆ ಬಿಟ್ಟು ಪುಡಿ ತಿಂದವರು

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಿಚಿ ಕೂತ್ಕೊಳ್ಳಿ. ಹೊನ್ನಗಿರಿ ಅಂತ ಒಂದು ರಾಜ್ಯ. ಅಲ್ಲೊಂದು ದೊಡ್ಡ ವಿದ್ಯಾಪೀಠ. ದೂರದೂರದ ಹುಡುಗರು ಓದೋಕೆ ಬರೋರು. ಮಲಗೋಕೆ ಜಗಲಿ, ಉಣ್ಣೋಕೆ ವಾರದ ಮನೆ. ಅಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ವಾರವಿಡೀ ಊರಿನ ತಾಯಂದಿರು ಸರದಿಯ ಮೇಲೆ ಹುಡುಗರಿಗೆ ಬಡಿಸೋರು.

ಅಲ್ಲಿ ಸೂರಪ್ಪ ಅಂತ ಒಬ್ಬ ವಿದ್ಯಾರ್ಥಿ. ಬುದ್ಧಿ ಚುರುಕು, ಆತುರ ಅದಕ್ಕಿಂತ ಚುರುಕು. ಯುಗಾದಿ ಕಳೆದ ಮೇಲೆ ರಾಜನ ಎದುರು ಪರೀಕ್ಷೆ. ಗೆದ್ದರೆ ಆಸ್ಥಾನದಲ್ಲಿ ಕೆಲಸ. ಸೋತರೆ ಗಂಟುಮೂಟೆ ಕಟ್ಟಿ ಊರಿಗೆ ವಾಪಸ್ಸು. ಅದೇ ಯೋಚನೆಯಲ್ಲಿ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಅಂಥ ಹೊತ್ತಿಗೆ ಬಂದ ನೋಡಿ ಚೂರ್ಣಪಂಡಿತ! ಕೈಯಲ್ಲಿ ಮೂರು ಡಬ್ಬಿ. ಒಂದರಲ್ಲಿ ನೆನಪಿನ ಪುಡಿ, ಒಂದರಲ್ಲಿ ಬಲದ ಪುಡಿ, ಒಂದರಲ್ಲಿ ಮುಖಕ್ಕೆ ಕಳೆ ಬರಿಸುವ ಪುಡಿ.

"ನನಗೆ ಒಂದು ಕಾಸೂ ಬೇಡಪ್ಪ" ಅಂದ ಪಂಡಿತ. "ಈ ಪುಡಿ ತಿಂದವನಿಗೆ ಊಟ ಯಾಕೆ? ನಿಮ್ಮ ವಾರದ ಮನೆ ನನಗೆ ಬಿಟ್ಟುಕೊಡಿ. ಆ ತಾಯಂದಿರಿಗೆ ಬೇಜಾರಾಗದ ಹಾಗೆ ನಾನು ನೋಡ್ಕೋತೀನಿ."

ಹುಡುಗರು ಮುಗಿಬಿದ್ದರು. ಸೂರಪ್ಪ ನೆನಪಿನ ಪುಡಿ ತಗೊಂಡ. ಗರಡಿ ಹುಚ್ಚಿನ ಕೆಂಚರಾಯ ಬಲದ ಪುಡಿ ತಗೊಂಡ. ಸದಾ ಕನ್ನಡಿ ಮುಂದೆ ನಿಲ್ಲುವ ಚೆಲುವಯ್ಯ ಕಳೆಯ ಪುಡಿ ತಗೊಂಡ. ಉಳಿದವರೂ ಬಿಡಲಿಲ್ಲ. ಎಲ್ಲರಿಗೂ ಸಂಭ್ರಮವೋ ಸಂಭ್ರಮ.

ತಿಂಗಳು ಕಳೆಯಿತು. ಕೆಂಚರಾಯನಿಗೆ ನೀರಿನ ಕೊಡ ಎತ್ತೋಕಾಗಲಿಲ್ಲ. ಪಂಡಿತನ ಹತ್ತಿರ ಹೋದ. "ಇನ್ನೊಂದು ಚಮಚ ತಗೋ" ಅಂದ ಪಂಡಿತ. ಚೆಲುವಯ್ಯನ ಕೆನ್ನೆ ಗುಳಿಬಿತ್ತು. ಅವನೂ ಹೋದ. "ಇನ್ನೊಂದು ಚಮಚ ತಗೋ." ಸೂರಪ್ಪ ಪದ್ಯ ಶುರು ಮಾಡಿದರೆ ಅರ್ಧಕ್ಕೇ ನಾಲಿಗೆ ನಿಂತುಬಿಡೋದು. ಅವನೂ ಹೋದ.

"ಇನ್ನೊಂದು ಚಮಚ ತಗೋ. ಸಂಶಯ ಇದ್ದರೆ ನನ್ನ ತೋಳು ನೋಡು, ನನ್ನ ಮುಖ ನೋಡು. ಎಲ್ಲಾ ಈ ಪುಡಿಯದೇ" ಅಂದ ಪಂಡಿತ. ನಿಜವಾಗಿಯೂ ಅವನು ದಿನದಿನಕ್ಕೆ ಮಿರಮಿರ ಮಿಂಚುತ್ತಿದ್ದ.

ಒಂದು ದಿನ ಸೂರಪ್ಪ ತಲೆ ಸುತ್ತಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. ಅವನ ಗುರುವಾರದ ಮನೆಯ ಅಕ್ಕಮ್ಮ ನೀರಿಗೆ ಬಂದವಳು ನೋಡಿದಳು.

"ಯಾಕಪ್ಪಾ ಸೂರಪ್ಪ, ಹೀಗೆ ಒಣಗಿಹೋಗಿದೀಯ? ನಮ್ಮನೆ ಊಟ ಬೇಜಾರಾಯ್ತಾ? ನೀನು ಕಳಿಸಿದ ಆ ಪಂಡಿತರು ಮಾತ್ರ ಮೂರು ಮುದ್ದೆ ಉಂಡು, ತುಪ್ಪ ಇನ್ನೊಂದಿಷ್ಟು ಬರಲಿ ಅಂತಾರೆ."

ಸೂರಪ್ಪನಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಆ ಮಿಂಚೆಲ್ಲ ನಮ್ಮ ತಟ್ಟೆಯದು! ಅಷ್ಟರಲ್ಲಿ ಬೀದಿಯಲ್ಲಿ ಸುದ್ದಿಯೋ ಸುದ್ದಿ. ಪಂಡಿತನ ಮಾತು ನಂಬಿ ರಾಜ ವಾರದ ಮನೆಗಳನ್ನೆಲ್ಲ ನಿಲ್ಲಿಸ್ತಾನಂತೆ, ಇನ್ನು ವಿದ್ಯಾರ್ಥಿಗಳಿಗೆಲ್ಲ ಪುಡಿಯೇ ಅಂತೆ, ಪಂಡಿತನಿಗೆ ಅರಮನೆಯಲ್ಲೇ ಊಟ, ವಾಸ ಅಂತೆ.

ಅಕ್ಕಮ್ಮ ಕೊಟ್ಟ ಮಜ್ಜಿಗೆ ಗಟಗಟ ಕುಡಿದು ಸೂರಪ್ಪ ಓಡಿದ. ಅದನ್ನು ಊರಿಗೆ ಸಾರೋಕೆ ಡಂಗುರದವನು ಕೋಲೆತ್ತುವ ಹೊತ್ತಿಗೆ ರಾಜಸಭೆಗೆ ನುಗ್ಗಿದ. ರಾಜನ ಪಕ್ಕದಲ್ಲೇ ಪಂಡಿತ ನಿಂತಿದ್ದ. ಪುಡಿ ಸುಳ್ಳು ಅಂದರೆ ಯಾರು ನಂಬ್ತಾರೆ? ಅದಕ್ಕೇ ಕೈಮುಗಿದು ಹೊಗಳೋಕೆ ಶುರುಮಾಡಿದ.

"ಮಹಾಪ್ರಭು, ಇಂಥ ಪಂಡಿತರಿಗೆ ಅರಮನೆ ಊಟ ಹಾಕಿದರೆ ಅವರ ಪುಡಿಗೇ ಅವಮಾನ. ಮೂರು ದಿನ ಅವರು ಇಲ್ಲೇ ಕೂತು ಪುಡಿ ಮಾತ್ರ ತಿನ್ನಲಿ. ನಾವೆಲ್ಲ ನೋಡಿ ಕಲೀತೀವಿ. ಆಮೇಲೆ ಡಂಗುರ ಹೊಡೆಸಿ."

"ಸರಿಯಾದ ಮಾತು" ಅಂದ ರಾಜ. ಬಾಗಿಲಿಗೆ ಕಾವಲು ಬಿತ್ತು. ಪಂಡಿತ ಒಲ್ಲೆ ಅನ್ನುವಂತಿಲ್ಲ.

ಮೊದಲ ದಿನ ಪಂಡಿತ ಮೀಸೆ ತಿರುವುತ್ತಾ ಪುಡಿಯ ಮಹಿಮೆ ಹೇಳಿದ. ಎರಡನೆಯ ದಿನ ಗೋಡೆಗೆ ಒರಗಿ ಕೂತ. ಮೂರನೆಯ ದಿನ ತುಂಬಿದ ಸಭೆಗೆ, ಸೂರಪ್ಪ ಹೇಳಿಕಳಿಸಿದಂತೆ, ಅಕ್ಕಮ್ಮ ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಒಗ್ಗರಣೆಯ ಘಮ ಸಿಂಹಾಸನದವರೆಗೂ ಹೋಯಿತು. ಪಂಡಿತನ ಮೂಗು ಅರಳಿತು.

"ಪಂಡಿತರೇ, ಇನ್ನೊಂದು ಚಮಚ ತಗೊಳ್ಳಿ" ಅಂತ ಸೂರಪ್ಪ ಡಬ್ಬಿ ಮುಂದೆ ಹಿಡಿದ.

ಪಂಡಿತ ಡಬ್ಬಿಯನ್ನು ಆಚೆ ತಳ್ಳಿ, ಎದ್ದುಬಿದ್ದು ಬುಟ್ಟಿಗೆ ಕೈ ಹಾಕಿದ. ಬಾಯ್ತುಂಬ ಮುದ್ದೆ ಇಟ್ಟುಕೊಂಡೇ ಅಳುತ್ತಾ ಹೇಳಿದ: "ತಪ್ಪಾಯ್ತು ಪ್ರಭು. ಅದು ಬರೀ ತೌಡು. ಘಮಕ್ಕೆ ಒಂದಿಷ್ಟು ಏಲಕ್ಕಿ, ಅಷ್ಟೇ."

ಸಭೆಯೆಲ್ಲ ಬಿದ್ದುಬಿದ್ದು ನಕ್ಕಿತು. ರಾಜ ಮಾತ್ರ ನಗಲಿಲ್ಲ. ಆ ಬಡಕಲು ಹುಡುಗರನ್ನು ನೋಡಿ ಅವನ ಕಣ್ಣು ತುಂಬಿತು. "ಇವರ ಮೈ ತುಂಬುವ ತನಕ ಪರೀಕ್ಷೆ ಇಲ್ಲ. ಅಲ್ಲಿಯವರೆಗೆ ಊರಿನ ಪ್ರತಿ ವಾರದ ಮನೆಗೂ ಈ ಪಂಡಿತನೇ ರಾಗಿ ಬೀಸಿಕೊಡಲಿ" ಅಂದ. ಸೂರಪ್ಪ ಅಕ್ಕಮ್ಮನ ಮನೆಯಲ್ಲಿ ಉಂಡು ಓದಿದ, ಉಂಡು ಓದಿದ, ಪರೀಕ್ಷೆಯ ದಿನ ಒಂದು ಪದವೂ ತಡವರಿಸಲಿಲ್ಲ.

ನೀತಿ ಇಷ್ಟೇ ಮಕ್ಕಳೇ. ಹೊತ್ತಿಗೆ ಸರಿಯಾಗಿ ಉಂಡ ಊಟದ ಜಾಗಕ್ಕೆ ಯಾವ ಪುಡಿಯೂ ಬರೋದಿಲ್ಲ. ಮೈ ಬೆಳೆಸಿಕೊಡ್ತೀನಿ ಅಂತ ಯಾರಾದರೂ ಡಬ್ಬಿ ಹಿಡಿದು ಬಂದರೆ ಅವನ ತೋಳು ನೋಡಬೇಡಿ. ನೀನು ಈ ಮಧ್ಯಾಹ್ನ ಏನು ಉಂಡೆ, ಯಾರ ತಟ್ಟೆಯದು ಉಂಡೆ ಅಂತ ಕೇಳಿ.