ಕೈ ಏನು ಹೇಳಿತು?

“ಗುರುಗಳೇ, ಉತ್ತರ ನಿಮಗೆ ಗೊತ್ತಿದೆ. ಹೇಳಿಬಿಟ್ಟರೆ ಇಬ್ಬರಿಗೂ ಬಿಡುವಾಗುತ್ತದೆ. ಏಕೆ ಹೇಳುವುದಿಲ್ಲ?”

ಶಿಷ್ಯ ಇದನ್ನು ಕೇಳಿದ್ದು ಅದು ಮೂರನೆಯ ಸಲ. ಅವನ ಮುಂದೆ ಎರಡು ಮಡಕೆಗಳಿದ್ದವು. ಒಂದೇ ಬಾವಿಯ ನೀರು, ಒಂದೇ ನೆರಳು. ಒಂದರ ನೀರು ತಣ್ಣಗಿತ್ತು, ಇನ್ನೊಂದರದು ತಣ್ಣಗಿರಲಿಲ್ಲ. ಏಕೆಂದು ಕಂಡುಕೋ ಎಂದು ಗುರು ಹೇಳಿ ಮೂರು ದಿನವಾಗಿತ್ತು.

“ಮುಟ್ಟಿ ನೋಡಿದೆಯಾ?” ಎಂದರು ಗುರು.

“ನೀರನ್ನು ಹತ್ತು ಸಲ ಮುಟ್ಟಿದ್ದೇನೆ.”

“ಮಡಕೆಯನ್ನು?”

“ಮಡಕೆಯಲ್ಲಿ ಮುಟ್ಟುವುದೇನಿದೆ ಗುರುಗಳೇ? ಮಣ್ಣು. ಪ್ರಶ್ನೆಗೆ ಪ್ರಶ್ನೆ ಹಾಕುವುದನ್ನು ಬಿಟ್ಟು ಒಂದು ಮಾತು ಹೇಳಬಾರದೇ?”

ಗುರುವಿಗೆ ಸಿಟ್ಟು ಬಂತು. ಅದು ಇಳಿಯಲೆಂದು ಕಾದರು. ಪೂರ್ತಿ ಇಳಿಯಲಿಲ್ಲ. ಆದರೂ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಸುತ್ತಲಿನ ಏಳು ಊರಿನ ಮಕ್ಕಳು ಅವಳ ಕೈಯಲ್ಲಿ ಹುಟ್ಟಿದ್ದರು. ವಯಸ್ಸಾದ ಮೇಲೆ ಅವಳು ಸೊಸೆಗೆ ಕೆಲಸ ಕಲಿಸತೊಡಗಿದಳು.

ಅವಳು ಕಲಿಸುವ ಕ್ರಮ ಹೀಗಿತ್ತು. ಬಸುರಿಯ ಹೊಟ್ಟೆಯ ಮೇಲೆ ಮೊದಲು ತಾನು ಕೈಯಿಟ್ಟು ನೋಡುವಳು. ಏನೂ ಹೇಳಳು. ಆಮೇಲೆ ಸೊಸೆಯ ಕೈಯನ್ನು ಅಲ್ಲಿಡಿಸಿ ಕೇಳುವಳು: ಗಟ್ಟಿಯಾದದ್ದು ಎಲ್ಲಿದೆ? ದುಂಡಗಿದೆಯೋ, ಉದ್ದಕ್ಕಿದೆಯೋ? ಮೆಲ್ಲಗೆ ತಳ್ಳಿದರೆ ಅಲುಗುತ್ತದೆಯೋ? ಮಗು ಒದೆಯುವುದು ಯಾವ ಕಡೆಗೆ? ಸೊಸೆ ತಪ್ಪಿದರೆ ತಪ್ಪೆಂದು ಹೇಳುತ್ತಿರಲಿಲ್ಲ. “ಇನ್ನೊಮ್ಮೆ ಇಡು” ಎನ್ನುತ್ತಿದ್ದಳು. ಹೇಳಿಬಿಡುವುದಕ್ಕೆ ಒಂದು ಉಸಿರು ಸಾಕು. ಕೇಳಿ ಕಾಯುವುದಕ್ಕೆ ಅರ್ಧ ದಿನ ಬೇಕು. ಉತ್ತರ ಅವಳ ನಾಲಿಗೆಯ ತುದಿಗೆ ಬಂದು ಎಷ್ಟೋ ಸಲ ಹಿಂದೆ ಹೋಗಿತ್ತು.

ಸೊಸೆ ಚುರುಕಿನವಳು. ಒಮ್ಮೆ ಬಡಗಿಯ ಮನೆಯಲ್ಲಿ ಮಗು ಅಡ್ಡವಾಗಿದೆಯೆಂದು ತಾನೇ ಕಂಡುಕೊಂಡಳು. ಎಣ್ಣೆ ಹಚ್ಚಿ, ಹೊರಗಿನಿಂದಲೇ ಮೆಲ್ಲಮೆಲ್ಲಗೆ ತಿರುಗಿಸಿ ಸರಿಮಾಡಿದಳು. ಅತ್ತೆ ಪಕ್ಕದಲ್ಲಿ ಕುಳಿತು ನೋಡಿದಳು, ಅಷ್ಟೆ. ಆದರೆ ಚುರುಕಿನವರಿಗೆ ಬೇಸರವೂ ಬೇಗ. ಬಸುರಿಯರೂ ಗೊಣಗುತ್ತಿದ್ದರು: “ನಮ್ಮ ಹೊಟ್ಟೆಯೇನು ಇವರಿಗೆ ಅಕ್ಷರ ತಿದ್ದೋ ಮರಳೇ?”

ಒಂದು ಬೆಳಿಗ್ಗೆ ಇಬ್ಬರೂ ಗಾಣಿಗನ ಹೆಂಡತಿಯನ್ನು ನೋಡಲು ಹೋದರು. ಅವಳಿಗೆ ಅದು ನಾಲ್ಕನೆಯ ಬಸುರು. ದಿನ ತುಂಬಿತ್ತು. ಅಷ್ಟರಲ್ಲಿ ಪಕ್ಕದ ಊರಿನಿಂದ ಗಾಡಿ ಬಂತು. ಅಲ್ಲಿ ಒಬ್ಬಳಿಗೆ ನೋವು ಶುರುವಾಗಿತ್ತು. ಅತ್ತೆ ಗಾಣಿಗನ ಹೆಂಡತಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಸೊಸೆಯನ್ನು ಕರೆದಳು.

“ಕೈಯಿಟ್ಟು ಹೇಳು.”

“ಅಯ್ಯೋ ಅತ್ತೆ, ಗಾಡಿ ನಿಂತಿದೆ. ನಿಮಗೆ ಗೊತ್ತಾಯ್ತಲ್ಲ. ಹೇಳಿಬಿಟ್ಟರೆ ನಿಮ್ಮ ಗಂಟೇನು ಹೋಗ್ತದೆ?”

“ನನ್ನ ಕೈ ನನ್ನ ಜೊತೆ ಗಾಡಿ ಹತ್ತುತ್ತೆ ಕಣೇ. ಇಲ್ಲಿ ಉಳಿಯೋದು ನಿನ್ನ ಕೈ.”

“ಮೂರು ವರ್ಷದಿಂದ ಇದೇ ಆಯ್ತು. ದಿನಾ ಪರೀಕ್ಷೆ. ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇದೆ. ಸಾಲದಾ?”

ಗಾಡಿಯವನು ಹೊರಗಿನಿಂದ ಕೂಗಿದ. ಅತ್ತೆಗೂ ಸಾಕಾಗಿಹೋಗಿತ್ತು.

“ತಲೆ ಕೆಳಗಿದೆ. ತಗೋ, ತೃಪ್ತಿಯಾಯ್ತಾ?” ಎಂದು ಸೆರಗು ಕೊಡವಿ ಹೊರಟುಹೋದಳು. ಮೂರು ವರ್ಷದಲ್ಲಿ ಅವಳು ಉತ್ತರವನ್ನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಸಂಜೆ ಗಾಣಿಗನ ಹೆಂಡತಿಗೆ ನೋವು ಬಂತು. ಸೊಸೆ ನೀರು ಕಾಯಿಸಿದಳು, ಬಟ್ಟೆ ಹಾಸಿದಳು.

“ಒಮ್ಮೆ ನೋಡು ತಾಯಿ. ಮಧ್ಯಾಹ್ನ ಒಳಗೆ ಏನೋ ಹೊರಳಿದ ಹಾಗಾಯ್ತು” ಎಂದಳು ಗಾಣಿಗನ ಹೆಂಡತಿ.

“ತಲೆ ಕೆಳಗಿದೆ ಅಂತ ಅತ್ತೆ ಹೇಳಿದ್ದಾರಕ್ಕ. ಹೆದರಬೇಡಿ” ಎಂದಳು ಸೊಸೆ.

ಕೈಯಿಡಲಿಲ್ಲ. ಇಟ್ಟಿದ್ದರೆ ತಿಳಿಯುತ್ತಿತ್ತು. ತಿರುಗಿಸಲು ಇನ್ನೂ ಹೊತ್ತಿತ್ತು. ಆ ಕೆಲಸ ಅವಳ ಕೈಗೆ ಗೊತ್ತೂ ಇತ್ತು.

ನೀರು ಒಡೆಯಿತು. ಮೊದಲು ಬಂದದ್ದು ತಲೆಯಲ್ಲ, ಒಂದು ಪುಟ್ಟ ಕೈ.

ಅತ್ತೆಯನ್ನು ಕರೆತರುವಷ್ಟರಲ್ಲಿ ಹೊತ್ತು ಮೀರಿತ್ತು. ತಾಯಿ ಉಳಿದಳು. ಮಗು ಉಳಿಯಲಿಲ್ಲ. ಗಾಣಿಗ ಬಾಗಿಲಲ್ಲಿ ನಿಂತು, ಗಂಡೋ ಹೆಣ್ಣೋ ಎಂದು ಕೇಳಿದ.

ಸೊಸೆ ಅತ್ತೆಯ ಕಾಲ ಬಳಿ ಕುಸಿದು ಕುಳಿತಳು.

“ಅತ್ತೆ, ನೀವೇ ಹೇಳಿದಿರಿ.”

“ಹೌದು” ಎಂದಳು ಅತ್ತೆ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ:

“ಹಾಗಾದರೆ, ಅವಸರದಲ್ಲಿ ಅತ್ತೆ ತಪ್ಪು ಹೇಳಿದಳೇ ಗುರುಗಳೇ?”

“ಇಲ್ಲ. ಬೆಳಿಗ್ಗೆ ಅವಳು ಹೇಳಿದ್ದು ಸರಿಯಾಗಿಯೇ ಇತ್ತು.”