ಹದಿನಾರು ಮೊಳದ ಹಾಸು

"ಅಜ್ಜಯ್ಯ, ಬೇಕು ಬೇಕೆಂದು ಹೋದ ಬಾಗಿಲಲ್ಲೇ ಬೇಡ ಎನ್ನಿಸಿಕೊಂಡರೆ, ಆಮೇಲೆ ಏನು ಮಾಡಬೇಕು?"

ಕೇಳಿದವಳು ದಾಕ್ಷಾಯಿಣಿ. ಐದನೆಯ ತರಗತಿಯಿಂದ ಮಠದ ಹಾಸ್ಟೆಲಿನಲ್ಲಿದ್ದು ಬೆಳೆದವಳು. ಎರಡು ವರ್ಷ ಒಂದೇ ಕಾಲೇಜಿನ ಹೆಸರು ಹೇಳಿಕೊಂಡು ಓದಿದ್ದಳು. ಮೊನ್ನೆ ಆ ಕಾಲೇಜಿನ ಪಟ್ಟಿ ಬಂತು, ಅವಳ ಹೆಸರು ಇರಲಿಲ್ಲ. ಬೇರೊಂದು ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅಲ್ಲಿಗೆ ಸೇರಲು ನಾಳೆಯೇ ಕಡೆಯ ದಿನ. ಅವಳ ಅಪ್ಪ ಫೋನಿನಲ್ಲಿ ಅವಳೊಡನೆ ಮಾತಾಡಿ, ಹೊಸ ಟ್ರಂಕು ಕೊಂಡು, ಅದರ ಮೇಲೆ ಮಗಳ ಹೆಸರು ಬರೆಸಿ, ಬೆಳಗಿನ ಮೊದಲ ಬಸ್ಸಿಗೇ ಬಂದು ಮಠದ ಕಟ್ಟೆಯ ಮೇಲೆ ಕೂತಿದ್ದ.

ಮಠದ ಹಿರಿಯರಾದ ಅಜ್ಜಯ್ಯನವರು ದಾಸೋಹದ ಸೊಪ್ಪು ಸೋಸುತ್ತಿದ್ದರು. ತಲೆಯೆತ್ತಲಿಲ್ಲ.

"ನೀನು ಏನು ಮಾಡಬೇಕೆಂದಿದ್ದೀಯ?"

"ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಕೂತು ಬರುವ ವರ್ಷ ಮತ್ತೆ ಪರೀಕ್ಷೆ ಬರೆಯುತ್ತೇನೆ. ಆಗದಿದ್ದರೆ ಅದರ ಮುಂದಿನ ವರ್ಷ. ಆದರೆ ಆ ಕಾಲೇಜೇ ಆಗಬೇಕು. ಬೇರೆ ಕಡೆ ಹೋದರೆ ಸೋತೆನೆಂದು ನಾನೇ ಒಪ್ಪಿಕೊಂಡ ಹಾಗೆ." ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು.

"ಅಳು," ಎಂದರು ಅಜ್ಜಯ್ಯನವರು. "ಬೇಡ ಎನ್ನಿಸಿಕೊಳ್ಳುವುದು ಸಣ್ಣ ನೋವಲ್ಲ. ಸಣ್ಣದು ಎನ್ನುವವರ ಮುಖಕ್ಕೆ ಇನ್ನೂ ಯಾರೂ ಬಾಗಿಲು ಹಾಕಿಲ್ಲ, ಅಷ್ಟೆ. ಅಳುತ್ತಲೇ ಆ ಕಟ್ಟು ಬಿಚ್ಚಿ ಸೊಪ್ಪು ಸೋಸು. ಕೈ ಸುಮ್ಮನಿದ್ದರೆ ಕತೆ ತಲೆಗೆ ಹತ್ತುವುದಿಲ್ಲ."

ದಾಕ್ಷಾಯಿಣಿ ಕೂತು ಸೊಪ್ಪಿನ ಕಟ್ಟು ಬಿಚ್ಚಿದಳು. ಅಜ್ಜಯ್ಯನವರು ಹೇಳತೊಡಗಿದರು.

ನೇಕಾರರ ಒಂದು ಊರು. ಅಲ್ಲಿ ಒಬ್ಬ ತಾಯಿ, ಅವಳಿಗೊಬ್ಬಳೇ ಮಗಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಇದ್ದದ್ದು ಒಂದು ಮಗ್ಗ. ತಾಯಿ ಊರವರಿಗೆಲ್ಲ ಸೀರೆ ನೇಯ್ದಳು, ತಾನು ಮಾತ್ರ ಹರಿದದ್ದಕ್ಕೆ ತೇಪೆ ಹಾಕಿ ಉಟ್ಟಳು. ಅದೇನು ದೊಡ್ಡ ಸುದ್ದಿಯಲ್ಲ ಬಿಡು, ಆ ಕೇರಿಯ ಹೆಂಗಸರೆಲ್ಲರದೂ ಅದೇ ಪಾಡು. ಆದರೆ ಕಣ್ಣು ಮಂಜಾಗತೊಡಗಿದಾಗ ಅವಳಿಗೂ ಒಂದು ಆಸೆ ಹುಟ್ಟಿತು. ಕೂಡಿಟ್ಟಿದ್ದ ಒಳ್ಳೆಯ ನೂಲನ್ನೆಲ್ಲ ತೆಗೆದು ಹದಿನಾರು ಮೊಳದ ಹಾಸು ಮಾಡಿದಳು. ಹಾಸು ಎಂದರೆ ಗೊತ್ತಲ್ಲ, ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲು. ಒಂದು ಸೀರೆಗೆ ಸರಿಯಾಗಿ ಹದಿನಾರು ಮೊಳ. ಅದನ್ನು ಮರದ ದಿಂಡಿಗೆ ಸುತ್ತಿ ಮಗ್ಗಕ್ಕೆ ಏರಿಸಿ ಮಗಳನ್ನು ಕರೆದಳು.

"ಇನ್ನು ನನಗೆ ಕಾಣುವುದಿಲ್ಲವ್ವ. ಇದನ್ನು ನೀನು ನೇಯಿ. ನಿನ್ನ ಕೈಯ ಸೀರೆ ಉಟ್ಟುಕೊಂಡು ಹೋಗುತ್ತೇನೆ," ಎಂದಳು.

ಹೋಗುವುದು ಎಲ್ಲಿಗೆ ಎಂದು ಮಗಳು ಕೇಳಲಿಲ್ಲ. ಅವಳಿಗೆ ತಿಳಿಯಿತು.

ಮಗಳು ಒಳ್ಳೆಯವಳೇ. ತಾಯಿ ಎಂದರೆ ಪ್ರಾಣ ಬಿಡುತ್ತಿದ್ದಳು. ಆದರೆ ಅವಳ ಮನಸ್ಸೆಲ್ಲ ದೊಡ್ಡಮನೆಯ ಮೇಲಿತ್ತು. ಆ ಸೀಮೆಯಲ್ಲಿ ದೊಡ್ಡಮನೆ ಎಂದರೆ ನೇಯ್ಗೆಗೆ ಹೆಸರಾದ ಮನೆ. ವರ್ಷಕ್ಕೊಮ್ಮೆ, ನೂಲಹುಣ್ಣಿಮೆಯ ದಿನ, ಹೊಸಬರ ಕೈ ಪರೀಕ್ಷೆ ಮಾಡಿ ಒಬ್ಬರನ್ನು ಸೇರಿಸಿಕೊಳ್ಳುತ್ತಿದ್ದರು. ಅಲ್ಲಿ ಕಲಿತು ಬಂದು ನೇಯ್ದುಕೊಡುತ್ತೇನೆ, ಊರೇ ನಿಂತು ನೋಡಬೇಕು, ಅಂಥ ಸೀರೆ ಉಡಿಸುತ್ತೇನೆ ಎಂದಳು. ತಾಯಿ ಆಗಲಿ ಎಂದಳು. ಮಕ್ಕಳು ಆಸೆಪಟ್ಟಾಗ ಹೆತ್ತವರು ಇನ್ನೇನು ಹೇಳುತ್ತಾರೆ?

ಪರೀಕ್ಷೆ ಏನೆಂದರೆ, ಎಳೆ ಕೆಚ್ಚುವುದು. ಒಂದು ಸೀರೆ ಮುಗಿದು ಇನ್ನೊಂದರ ಹಾಸು ಏರಿಸುವಾಗ, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಇಟ್ಟು, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಗಂಟು ಹಾಕುವಂತಿಲ್ಲ, ಗಂಟು ಹಣಿಗೆಯ ಹಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಡಿಲ ಬಿಡುವಂತೆಯೂ ಇಲ್ಲ, ಎಳೆದರೆ ಬಿಟ್ಟುಹೋಗುತ್ತದೆ. ದೊಡ್ಡಮನೆಯ ಯಜಮಾನ ಒಬ್ಬೊಬ್ಬರಿಗೆ ನೂರು ಎಳೆ ಕೊಡುತ್ತಿದ್ದ. ಕೆಚ್ಚಿ ಮುಗಿಸಿದ ಮೇಲೆ ಹಿಡಿದು ಜಗ್ಗುತ್ತಿದ್ದ. ಒಂದು ಎಳೆ ಬಿಟ್ಟರೂ ಮುಗಿಯಿತು.

ಅವಳ ನೂರರಲ್ಲಿ ಒಂದು ಎಳೆ ಬಿಟ್ಟಿತು.

"ಈ ಕೈ ಬೇಡ," ಎಂದ ಯಜಮಾನ. ಮುಂದಿನವಳನ್ನು ಕರೆದ.

ಅವನಿಗೆ ಅದು ಆ ದಿನ ಮೂವತ್ತು ಸಲ ಆಡಿದ ಮಾತು. ಊಟಕ್ಕೆ ಕೂರುವ ಹೊತ್ತಿಗೆ ಮರೆತಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗೆ. ಅವಳು ಮಾತ್ರ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಮನೆಗೆ ತಂದಳು. ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ತನ್ನ ಕೈಯನ್ನು ತಾನೇ ನೋಡಿಕೊಂಡು ಅತ್ತಳು.

ಇಲ್ಲಿಯವರೆಗೆ ಅವಳದು ತಪ್ಪಿಲ್ಲ ತಂಗಿ. ಯಜಮಾನನದೂ ತಪ್ಪಿಲ್ಲ ಎನ್ನೋಣ. ತಪ್ಪಾದದ್ದು ಆಮೇಲೆ.

ಮುಂದಿನ ನೂಲಹುಣ್ಣಿಮೆಗೆ ಒಂದು ಎಳೆಯೂ ಬಿಡಬಾರದೆಂದು ಅವಳು ಹಟ ತೊಟ್ಟಳು. ಹಟ ತೊಟ್ಟದ್ದು ಸರಿಯೇ. ಆದರೆ ಅಭ್ಯಾಸಕ್ಕೆ ನೂಲು ಬೇಕಲ್ಲ? ಮನೆಯಲ್ಲಿದ್ದ ನೂಲು ಒಂದೇ, ಮಗ್ಗದ ಮೇಲಿನ ತಾಯಿಯ ಹಾಸು. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಅವಳು ಆ ದಿನವೇ ಕತ್ತರಿ ಹಿಡಿದು ಕೂತಳು. ಹಾಸನ್ನು ಅಡ್ಡಲಾಗಿ ಕತ್ತರಿಸಿದಳು. ತಿಂಗಳೆಲ್ಲ ಕೂತು ಒಂದೊಂದೇ ಎಳೆಯನ್ನು ಮತ್ತೆ ಕೆಚ್ಚಿದಳು. ಮುಂದಿನ ಅಮಾವಾಸ್ಯೆಗೆ, ಕೆಚ್ಚಿದ ಜಾಗವನ್ನು ಕತ್ತರಿಸಿ ಎಸೆದು ಮತ್ತೆ ಮೊದಲಿನಿಂದ ಶುರುಮಾಡಿದಳು. ಹೊಟ್ಟೆಪಾಡಿಗೆ ನೆರೆಯವರ ಲಾಳಿಯೊಳಗಿಡುವ ಕಂಡಿಕೆಗಳಿಗೆ ನೂಲು ಸುತ್ತಿಕೊಡುತ್ತಿದ್ದಳು. ಉಳಿದ ಹೊತ್ತೆಲ್ಲ ಕೆಚ್ಚುವುದೇ ಕೆಚ್ಚುವುದು.

ಪ್ರತಿ ಸಲವೂ ನಾಲ್ಕು ಬೆರಳು ನೂಲು ಹೋಗುತ್ತಿತ್ತು. ನಾಲ್ಕು ಬೆರಳು ಏನು ಮಹಾ ಎಂದುಕೊಂಡಳು. ಇಪ್ಪತ್ತನಾಲ್ಕು ಬೆರಳಿಗೆ ಒಂದು ಮೊಳ. ನೀನು ಗಣಿತದಲ್ಲಿ ಜಾಣೆ, ವರ್ಷಕ್ಕೆ ಎಷ್ಟಾಯಿತೆಂದು ನೀನೇ ನೋಡಿಕೊ. ಅವಳು ನೋಡಿಕೊಳ್ಳಲಿಲ್ಲ. ಉಳಿದ ಹಾಸು ದಿಂಡಿಗೆ ಸುತ್ತಿಕೊಂಡಿರುತ್ತದೆ, ಅದನ್ನು ಬಿಚ್ಚಿ ಅಳೆಯುವವರು ಯಾರು?

ಎರಡನೆಯ ವರ್ಷ ಮೂರು ಎಳೆ ಬಿಟ್ಟವು. ಮೂರನೆಯ ವರ್ಷ ಒಂದು ಬಿಟ್ಟಿತು. ನಾಲ್ಕನೆಯ ವರ್ಷ ಒಂದೂ ಬಿಡಲಿಲ್ಲ, ಆದರೆ ಇನ್ನೊಬ್ಬಳದೂ ಬಿಡಲಿಲ್ಲ, ಅವಳು ವಯಸ್ಸಿನಲ್ಲಿ ಚಿಕ್ಕವಳೆಂದು ಅವಳನ್ನು ತೆಗೆದುಕೊಂಡರು. ಪ್ರತಿ ಸಲವೂ ಮನೆಗೆ ಬಂದು ಅಳುತ್ತಿದ್ದಳು, ತಾಯಿ ಅವಳ ತಲೆ ಸವರುತ್ತಿದ್ದಳು. ಹಾಸು ಮುಟ್ಟು, ಸೀರೆ ನೇಯಿ ಎಂದು ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ.

ಐದನೆಯ ವರ್ಷ ತಾಯಿಯ ಕಣ್ಣು ಪೂರ್ತಿ ಹೋಯಿತು. ಒಂದು ದಿನ ಗೋಡೆ ಹಿಡಿದುಕೊಂಡು ಮಗ್ಗದ ಹತ್ತಿರ ಬಂದು ಹಾಸಿನ ದಿಂಡನ್ನು ತಡವಿದಳು. ತಾನೇ ಸುತ್ತಿದ ಸುತ್ತು ಈಗ ತೆಳ್ಳಗಾಗಿತ್ತು. ನೇಯ್ದಂತೆಲ್ಲ ದಿಂಡು ತೆಳ್ಳಗಾಗುತ್ತದೆ, ನಲವತ್ತು ವರ್ಷ ನೇಯ್ದ ಕೈಗೆ ಅದು ಗೊತ್ತು.

"ನೇಯ್ಗೆ ಸಾಗಿದೆಯಲ್ಲವೇನವ್ವ?" ಎಂದು ಕೇಳಿದಳು.

"ಹೂಂ," ಎಂದಳು ಮಗಳು.

ಆಮೇಲೆ ತಾಯಿ ದಿನವೂ ಬಂದು ದಿಂಡು ಮುಟ್ಟಿ ನೋಡುತ್ತಿದ್ದಳು. ನೆರೆಯ ಹೆಂಗಸರಿಗೆ ಹೇಳುತ್ತಿದ್ದಳು: ನನ್ನ ಮಗಳು ನನಗೆ ಸೀರೆ ನೇಯುತ್ತಿದ್ದಾಳೆ, ಇನ್ನೇನು ಮುಗಿಯುತ್ತ ಬಂತು. ನೆರೆಯವರು ಮಗ್ಗದ ಕಡೆ ನೋಡುತ್ತಿದ್ದರು. ನೇಯ್ದ ಬಟ್ಟೆ ಸುತ್ತುವ ದಿಂಡು ಬರಿದಾಗಿತ್ತು. ಅವರು ಕೆಲಸ ನೆನಪಾಯಿತೆಂದು ಎದ್ದು ಹೋಗುತ್ತಿದ್ದರು. ಮಗಳು ಆಗೆಲ್ಲ, ಈ ವರ್ಷ ಸೇರಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಪರೀಕ್ಷೆಗೆ ಮತ್ತೆ ಮತ್ತೆ ಹೋದದ್ದು ತಪ್ಪೆಂದು ನಾನು ಹೇಳುತ್ತಿಲ್ಲ ತಂಗಿ, ಹಾಗೆ ತಿಳಿಯಬೇಡ. ಇಪ್ಪತ್ತು ಸಲ ಹೋಗಲಿ. ಮನೆಯಲ್ಲಿ ಸೀರೆ ನೇಯುತ್ತ ಹೋಗಬಹುದಿತ್ತು. ಅವಳ ಕೈ ಬೇಡವೆಂದದ್ದು ದೊಡ್ಡಮನೆ, ಮಗ್ಗ ಏನು ಬೇಡವೆಂದಿತ್ತೇ?

ಎಂಟನೆಯ ವರ್ಷದ ನೂಲಹುಣ್ಣಿಮೆ ಬಂತು. ಆ ಹೊತ್ತಿಗೆ ತಾಯಿ ಹಾಸಿಗೆ ಹಿಡಿದಿದ್ದಳು. ಮಗಳು ನೀರು ಕುಡಿಸಿ, ನೆರೆಯವಳನ್ನು ಕೂರಿಸಿ, ಬೇಗ ಬರುತ್ತೇನೆಂದು ಹೇಳಿ ಹೋದಳು. ನೂರು ಎಳೆ ಕೆಚ್ಚಿದಳು. ಯಜಮಾನ ಹಿಡಿದು ಜಗ್ಗಿದ. ಒಂದೂ ಬಿಡಲಿಲ್ಲ. ಇನ್ನೊಮ್ಮೆ ಜಗ್ಗಿದ. ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿದ.

"ಎಂಥ ಕೈ ನಿನ್ನದು. ಇಷ್ಟು ವರ್ಷ ಎಲ್ಲಿದ್ದೆ?" ಎಂದ.

ಏಳು ಸಲ ಬೇಡವೆಂದವನಿಗೆ ಅವಳ ಮುಖದ ನೆನಪೇ ಇರಲಿಲ್ಲ. ಅವಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಮನೆಗೆ ಓಡಿದಳು.

ಬಾಗಿಲಲ್ಲಿ ನೆರೆಯವರು ನಿಂತಿದ್ದರು. ತಾಯಿಗೆ ಇನ್ನೂ ಉಸಿರಿತ್ತು. ಮಗಳು ಪಕ್ಕದಲ್ಲಿ ಕೂತು ದೊಡ್ಡಮನೆಗೆ ಸೇರಿದೆನವ್ವ ಎಂದಳು. ತಾಯಿ ಅವಳ ಕೈ ಹುಡುಕಿ ಹಿಡಿದುಕೊಂಡಳು. ಒಳ್ಳೆಯದಾಯಿತು ಎಂದಳು. ಬೇರೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಕೇಳಲಿಲ್ಲ.

ಮಗಳು ಎದ್ದು ಹೋಗಿ ಮಗ್ಗಕ್ಕೆ ಕೂತಳು. ಏಳು ವರ್ಷದಲ್ಲಿ ಮೊದಲ ಸಲ ಲಾಳಿ ಎಸೆದಳು. ಮಗ್ಗದ ಸದ್ದು ಕೇಳುತ್ತಲೇ ತಾಯಿ ಪಕ್ಕದಲ್ಲಿದ್ದವಳಿಗೆ ಹೇಳಿದಳು:

"ಈಗ ಶುರುಮಾಡಿದಳು."

ಮನೆಮನೆಗೂ ಮಗ್ಗವಿದ್ದ ಕೇರಿ ಅದು, ದಿನವಿಡೀ ಅದೇ ಸದ್ದು. ತನ್ನ ಮನೆಯ ಮಗ್ಗ ಏಳು ವರ್ಷ ಸುಮ್ಮನಿದ್ದದ್ದು ನೇಕಾರಳ ಕಿವಿಗೆ ಗೊತ್ತಾಗಿರಲಿಲ್ಲ ಎಂದುಕೊಂಡೆಯಾ? ಎಲ್ಲ ಗೊತ್ತಿತ್ತು. ಗೊತ್ತಿದ್ದೇ ನೆರೆಯವರ ಮುಂದೆ ಮಗಳ ಮಾನ ಕಾದಿದ್ದಳು.

ಮಗಳು ನೇಯ್ದಳು. ದಿಂಡು ಕೆಲವೇ ಸುತ್ತು ತಿರುಗಿತು, ಬರಿ ಮರ ಕಂಡಿತು. ಹದಿನಾರು ಮೊಳದಲ್ಲಿ ಉಳಿದಿದ್ದದ್ದು ಎರಡು ಮೊಳ. ಅಷ್ಟನ್ನೇ ನೇಯ್ದು, ಮಗ್ಗದಿಂದ ಕೊಯ್ದು, ಕೈಯಲ್ಲಿ ಹಿಡಿದು ಹೊರಗೆ ಬರುವ ಹೊತ್ತಿಗೆ ತಾಯಿ ಹೋಗಿದ್ದಳು.

ಎರಡು ಮೊಳ ಸೀರೆಯಾಗುವುದಿಲ್ಲ. ಉಟ್ಟ ತೇಪೆಯ ಸೀರೆಯಲ್ಲೇ ತಾಯಿಯನ್ನು ಎತ್ತಿದರು. ಮಗಳು ನೇಯ್ದದ್ದು ಮುಖ ಮುಚ್ಚಲು ಸಾಕಾಯಿತು. ಅದರಲ್ಲಿ ಒಂದು ಎಳೆಯೂ ಬಿಟ್ಟಿರಲಿಲ್ಲ.

ಅಜ್ಜಯ್ಯನವರು ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದರು. ದಾಕ್ಷಾಯಿಣಿಯ ಕೈಯಲ್ಲಿ ಒಂದೇ ಕಡ್ಡಿ ಬಹಳ ಹೊತ್ತಿನಿಂದ ಇತ್ತು. ಅಳು ನಿಂತಿತ್ತು.

"ಆಮೇಲೆ ಅವಳು ದೊಡ್ಡಮನೆಗೆ ಹೋದಳೇ, ಅಜ್ಜಯ್ಯ?"

"ಹೋದಳು. ಚೆನ್ನಾಗಿಯೇ ನೇಯ್ದಳು. ಆ ಮನೆಯ ಸೀರೆಗಳಲ್ಲಿ ಅವಳ ಕೈಯದನ್ನು ಜನ ಕೇಳಿ ಕೊಳ್ಳುತ್ತಿದ್ದರು. ಯಾವ ಸೀರೆ ಮುಗಿದರೂ ಮಡಿಸುವ ಮುಂಚೆ ಒಂದು ಸಲ ಮೊಳ ಹಾಕಿ ಅಳೆಯುತ್ತಿದ್ದಳಂತೆ."

ದಾಕ್ಷಾಯಿಣಿ ಕೈಯಲ್ಲಿದ್ದ ಕಡ್ಡಿಯ ಎಲೆ ಬಿಡಿಸಿ ಬುಟ್ಟಿಗೆ ಹಾಕಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನನ್ನದು ಹಾಗಲ್ಲ ಅಜ್ಜಯ್ಯ. ನಾನು ಯಾರ ಹಾಸನ್ನೂ ಕತ್ತರಿಸುತ್ತಿಲ್ಲ. ನನ್ನ ಒಂದು ವರ್ಷ ಅಷ್ಟೆ."

ಅಜ್ಜಯ್ಯನವರು ಬುಟ್ಟಿ ಎತ್ತಿಕೊಂಡು ಎದ್ದು ನಿಂತರು.

"ಸೀಟು ಸಿಕ್ಕ ಕಾಲೇಜಿಗೆ ಹೊರಡುತ್ತೀಯಾ ಎಂದು ಫೋನಿನಲ್ಲಿ ಕೇಳಿದ ನಿಮ್ಮಪ್ಪನಿಗೆ, ಹೊರಗೆ ಟ್ರಂಕು ಹಿಡಿದು ಕೂತಿದ್ದಾನಲ್ಲ ಅವನಿಗೆ, ನೀನು ಹೇಳಿದ್ದೂ 'ಹೂಂ' ಎಂದೇ ಅಲ್ಲವೇನು ತಂಗಿ?"